ಅಟ್ಟದ ಮೇಲಿದ್ದ ತೊಟ್ಟಿಲು

ಮನೆಯ ಜಗಳಕ್ಕೆ ಸಲಹೆ ಕೇಳಲು ನನಗೆ ಫೋನ್ ಮಾಡುವ ಮೊದಲೇ ಮಗ ಗೂಗಲ್‌ನಲ್ಲಿ ಕಾಯಿಲೆಯ ಹೆಸರು ಹುಡುಕಿಟ್ಟುಕೊಂಡಿದ್ದರು. "ಅಮ್ಮನಿಗೆ ಹೋರ್ಡಿಂಗ್ ಡಿಸಾರ್ಡರ್ ಇರಬೇಕು ಮೇಡಂ. ಒಂದು ಸಾಮಾನೂ ಬಿಸಾಕೋಕೆ ಬಿಡಲ್ಲ."

ಹೆಸರು, ಊರು, ಸಂಬಂಧಗಳ ವಿವರ ಬದಲಿಸಿ ಬರೆಯುತ್ತಿದ್ದೇನೆ. ಮೈಸೂರಿನ ಹಳೆ ಬಡಾವಣೆಯಲ್ಲಿ ಸ್ವಂತ ಮನೆ. ಶಾರದಮ್ಮ, ಮಗ ರಘು, ಸೊಸೆ ವೀಣಾ, ಶಾಲೆಗೆ ಹೋಗುವ ಮೊಮ್ಮಗಳು. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಶಾರದಮ್ಮ ಮಗಳ ಮನೆಗೆ ಹೋಗಿದ್ದಾಗ ಮನೆಗೆ ಪೇಂಟ್ ಹೊಡೆಸಿದರು. ಅಟ್ಟ ಖಾಲಿ ಮಾಡಬೇಕಿತ್ತು. ವೀಣಾ ತಾಮ್ರದ ಹಂಡೆ, ದೊಡ್ಡ ಕೊಳದಪ್ಪಲೆ, ಒಂದಷ್ಟು ಡಬ್ಬಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿಬಿಟ್ಟರು. ವಾಪಸ್ ಬಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಸಾಲದ್ದಕ್ಕೆ ತಮ್ಮ ಅನ್ನ ತಾವೇ ಬೇರೆ ಇಟ್ಟುಕೊಳ್ಳತೊಡಗಿದರು.

ಮೊದಲು ಕಾಯಿಲೆಯ ಮಾತು. ಬೆಲೆ ಇದ್ದರೂ ಇಲ್ಲದಿದ್ದರೂ ಯಾವುದನ್ನೂ ಬಿಡಲಾಗದೆ, ಮಂಚ, ಒಲೆ, ಓಡಾಡುವ ಜಾಗ ಎಲ್ಲ ಸಾಮಾನಿನಡಿ ಮುಚ್ಚಿಹೋಗಿ, ಮನೆ ಬಳಸಲಿಕ್ಕೇ ಬಾರದಂತಾದಾಗ ಆ ಹೆಸರು ಬರುತ್ತದೆ. ಹಿಂದೆ ಇದನ್ನು ಗೀಳಿನ ಕಾಯಿಲೆಯ ಒಂದು ರೂಪ ಎಂದೇ ನೋಡುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅಂಥ ಸ್ಥಿತಿ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಶಾರದಮ್ಮನ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ನಡುಮನೆ ಚೊಕ್ಕ, ಅಡುಗೆಮನೆ ಇನ್ನೂ ಚೊಕ್ಕ. ತಮ್ಮ ಹಳೆ ಸೀರೆಗಳನ್ನು ಕೆಲಸದವಳಿಗೆ ಕೈಯೆತ್ತಿ ಕೊಡುವವರು. ತುಂಬಿದ್ದು ಅಟ್ಟ ಮಾತ್ರ.

ಹಾಗಾಗಿ ಮೂವರಿಗೂ ಒಂದು ಕೆಲಸ ಕೊಟ್ಟೆ. ಅಟ್ಟದಲ್ಲಿ ಉಳಿದಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಎರಡೇ ವಿಷಯ ಇರಲಿ: ಇದು ಯಾರದು, ಮುಂದೆ ಯಾವಾಗ ಕೆಳಗೆ ಇಳಿಸುತ್ತೀರಿ. "ಯಾವಾಗಲಾದರೂ ಬೇಕಾಗುತ್ತೆ" ಅಂತ ಬರೆಯುವ ಹಾಗಿಲ್ಲ. ಹಬ್ಬದ ಹೆಸರೋ ತಿಂಗಳ ಹೆಸರೋ ಬೇಕು.

ನೋಟ್‌ಬುಕ್ ಬಂದಾಗ ರಘು ಸ್ವಲ್ಪ ಪೆಚ್ಚಾಗಿದ್ದರು. ಅಟ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ! ಎಂಜಿನಿಯರಿಂಗ್ ಪುಸ್ತಕಗಳ ಮೂಟೆ, ಹಳೆ ಮಾನಿಟರ್, ಟಿವಿ ಬಂದ ರಟ್ಟಿನ ಡಬ್ಬ, ಅದರೊಳಗಿನ ಥರ್ಮಕೋಲ್ ಸಮೇತ. ಅಮ್ಮನ ಹೆಸರಿನಲ್ಲಿ ಇದ್ದವಕ್ಕೆ ಸಲೀಸಾಗಿ ಉತ್ತರ ಸಿಕ್ಕಿತ್ತು. ತವರಿನಿಂದ ಬಂದ ಪಟ್ಟದ ಗೊಂಬೆ ಮತ್ತು ಮಣ್ಣಿನ ಗೊಂಬೆಗಳ ಟ್ರಂಕು, ನವರಾತ್ರಿಗೆ. ರಜಾಯಿಗಳು, ಡಿಸೆಂಬರಿಗೆ. ಎಲ್ಲರ ಮನೆಯಲ್ಲೂ ಹೀಗೇ ಅಂತ ಹೇಳಲಾರೆ, ಆದರೆ ಅಟ್ಟದ ಜಗಳದಲ್ಲಿ ವಯಸ್ಸಾದವರ ಕಡೆ ಬೆರಳು ತೋರಿಸುವ ಮುಂಚೆ ಡಬ್ಬಗಳನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಒಂದು ಸಾಲಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ. ಮರದ ತೊಟ್ಟಿಲು.

ಕೇಳಿದೆ. ಶಾರದಮ್ಮ "ಅದು ಬೇಕಾಗುತ್ತಲ್ಲ" ಅಂದರು. ವೀಣಾ ಮುಖ ತಿರುಗಿಸಿ ಕಿಟಕಿ ನೋಡತೊಡಗಿದರು. ಆಮೇಲೆ ವೀಣಾ ಒಬ್ಬರನ್ನೇ ಕೂರಿಸಿ ಮಾತಾಡಿದಾಗ ಗಂಟು ಬಿಚ್ಚಿತು. ಪ್ರತಿ ಸಲ ಅಟ್ಟ ಗುಡಿಸಿದಾಗಲೂ ಅತ್ತೆ ಆ ತೊಟ್ಟಿಲನ್ನು ಇಳಿಸಿ, ಒರೆಸಿ, ಹಳೆ ಪಂಚೆ ಸುತ್ತಿ ಮೇಲಿಡಿಸುತ್ತಿದ್ದರು. "ಇನ್ನೊಂದು ಆಗ್ಲಿ, ಆಗ ನೋಡಮ್ಮ" ಅನ್ನುವ ಮಾತೂ ಜೊತೆಗಿರುತ್ತಿತ್ತು. ಇನ್ನೊಂದು ಮಗು ಬೇಡ ಅಂತ ಗಂಡ ಹೆಂಡತಿ ಎಂದೋ ತೀರ್ಮಾನಿಸಿದ್ದರು. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ರಘು ಮಾಡಿರಲಿಲ್ಲ. "ಹಂಡೆ ಮೇಲೆ ನಂಗೇನು ಕೋಪ ಮೇಡಂ? ತೊಟ್ಟಿಲು ಮುಟ್ಟೋಕಾಗ್ಲಿಲ್ಲ. ಪಕ್ಕದಲ್ಲಿ ಇದ್ದಿದ್ದನ್ನೆಲ್ಲ ಹಾಕಿಬಿಟ್ಟೆ" ಅಂದರು.

ಅತ್ತೆಯ ದುಃಖವೂ ಹಂಡೆಯದಲ್ಲ. "ನನ್ನನ್ನ ಒಂದು ಮಾತು ಕೇಳ್ಬೋದಿತ್ತು. ಫೋನ್ ಇತ್ತಲ್ಲ" ಎಂಬುದೇ ಅವರ ದೂರು. ನ್ಯಾಯವಾದ ದೂರು.

ಕೊಟ್ಟ ಸಲಹೆ ಹೀಗಿತ್ತು. ಎರಡನೇ ಮಗುವಿನ ವಿಷಯ ರಘುವೇ ಅಮ್ಮನಿಗೆ ಹೇಳಬೇಕು, ವೀಣಾ ಅಲ್ಲ, ನಾನೂ ಅಲ್ಲ. ವೀಣಾ ಅತ್ತೆಯ ಕ್ಷಮೆ ಕೇಳಲಿ, ಆದರೆ ಅಂಗಡಿಯಿಂದ ಹೊಸ ಹಂಡೆ ತಂದು ಕೊಡುವುದು ಬೇಡ. ಅದು ಲೆಕ್ಕ ಚುಕ್ತಾ ಮಾಡಿದಂತೆ ಕಾಣುತ್ತದೆ. ಇನ್ನು ಮುಂದೆ ಯಾರ ಸಾಮಾನನ್ನು ಅವರೇ ಕೊಡಬೇಕು ಇಲ್ಲವೇ ಬಿಸಾಕಬೇಕು. ತೀರಿಕೊಂಡವರದಾದರೆ ಎಲ್ಲರೂ ಕೂತು ತೀರ್ಮಾನಿಸಲಿ, ಶಿವಮೊಗ್ಗದ ಮಗಳೂ ಫೋನಿನಲ್ಲಿರಲಿ.

ಇಳಿಸುವ ದಿನ ಗೊತ್ತಿರುವುದಷ್ಟೇ ಅಟ್ಟಕ್ಕೆ. ಗೊಂಬೆ, ರಜಾಯಿ, ಊರಿಗೆ ಹೋಗುವ ಸೂಟ್‌ಕೇಸ್ ಇಂಥವು. ತೀರ್ಮಾನ ಆಗದ್ದನ್ನು ಮೇಲೆ ಹಾಕಿದರೆ ಅದು ಕಣ್ಣಿಗೆ ಬೀಳುವುದಿಲ್ಲ, ಮನಸ್ಸಿನಿಂದ ಹೋಗುವುದೂ ಇಲ್ಲ. ಅಂಥದ್ದು ಕೆಳಗೇ ಇರಲಿ, ಕಾಲಿಗೆ ಸಿಗಲಿ.

ಪ್ರೀತಿಯದ್ದೂ ಅಟ್ಟಕ್ಕಲ್ಲ. ಇದು ಶಾರದಮ್ಮನಿಗೆ ಆಶ್ಚರ್ಯವಾಯಿತು. ಯಜಮಾನರು ದೇವರನಾಮ ಹಾಡಿದ್ದ ಕ್ಯಾಸೆಟ್ಟು, ಮದುವೆಯ ಆಲ್ಬಮ್ಮು "ಭದ್ರವಾಗಿರಲಿ" ಅಂತ ಮೇಲಿಟ್ಟಿದ್ದರು. ತಾರಸಿಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಫೋಟೊಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು. ಬೂಷ್ಟು ಹಿಡಿದ ಟೇಪನ್ನು ಮನೆಯ ಪ್ಲೇಯರಿಗೆ ಹಾಕಬೇಡಿ, ಸ್ವಚ್ಛ ಮಾಡಿ ಪೆನ್‌ಡ್ರೈವ್‌ಗೆ ಇಳಿಸಿಕೊಡುವವರ ಹತ್ತಿರ ಕೊಡಿ ಅಂದೆ. ಜರಿ ಸೀರೆ, ಮನೆ ಪತ್ರಗಳದ್ದೂ ಇದೇ ಕಥೆ. ಬೀರುವಿನಲ್ಲಿ ಜಾಗ ಇಲ್ಲ ಅಂದರೆ ಬೀರುವಿನಲ್ಲಿರುವ ಬೇರೇನನ್ನೋ ತೆಗೆಯಬೇಕು.

ಉಳಿದ ಪೇಂಟು, ಥಿನ್ನರ್, ಯುಪಿಎಸ್‌ನ ಸತ್ತ ಬ್ಯಾಟರಿ, ಇವಂತೂ ಅಡುಗೆಮನೆ ಅಟ್ಟದಲ್ಲಿ ಇರಲೇಬಾರದು. ಬ್ಯಾಟರಿ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಮತ್ತೆ, ಶಾರದಮ್ಮ ಪ್ಲಾಸ್ಟಿಕ್ ಸ್ಟೂಲ್ ಹತ್ತುವುದು ಬಂದ್. ಯಾಕೆ ಹತ್ತುತ್ತಿದ್ದರು? ಮಗನಿಗೆ ಹೇಳಿದರೆ "ನಾಳೆ ಇಳಿಸ್ತೀನಿ" ಅನ್ನುತ್ತಿದ್ದ ಕಾರಣ. ಕೇಳಿದ ದಿನವೇ ಇಳಿಸಿಕೊಡುವುದು ರಘುವಿನ ಪಾಲಿನ ಕೆಲಸ.

ರಘು ಅಮ್ಮನಿಗೆ ವಿಷಯ ಹೇಳಿದರು. ಶಾರದಮ್ಮ ಅತ್ತರಂತೆ, ಸಿಟ್ಟೂ ಮಾಡಿದರಂತೆ. ಅತ್ತೆ ಸೊಸೆಯ ಮಾತು ಮೊದಲಿನಷ್ಟು ಸಲೀಸಾಗಿಲ್ಲ, ಆದರೆ ಅನ್ನ ಮತ್ತೆ ಒಂದೇ ಕುಕ್ಕರಿನಲ್ಲಿ ಆಗುತ್ತಿದೆ. ತೊಟ್ಟಿಲನ್ನು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಶಾರದಮ್ಮನೇ ಕಳಿಸಿಕೊಟ್ಟರು. ಕೊಟ್ಟಿದ್ದಲ್ಲ, ಎರವಲು ಅಂತ ಒತ್ತಿ ಹೇಳಿದ್ದಾರೆ. ಇರಲಿ. ಎಂಜಿನಿಯರಿಂಗ್ ಪುಸ್ತಕಗಳ ಮೂಟೆ ಮಾತ್ರ ಇನ್ನೂ ಅಟ್ಟದಲ್ಲೇ ಇದೆ. ಬರುವ ಭಾನುವಾರ ನೋಡ್ತೀನಿ ಅಂದಿದ್ದಾರೆ ರಘು.