ಔಷಧಿ ಹೊಡೆದಷ್ಟೂ ಜಿಗಿಹುಳು ಜಾಸ್ತಿಯಾಗುತ್ತಿದೆ, ಯಾಕೆ?

ಪ್ರಶ್ನೆ: ಸಿಂಧನೂರು ಕಡೆ ನಮ್ಮ ಭತ್ತದ ಗದ್ದೆ ಇದೆ. ಕಂದು ಜಿಗಿಹುಳುವಿಗೆ ಇಮಿಡಾಕ್ಲೋಪ್ರಿಡ್ ಮೂರು ಸಲ ಹೊಡೆದೆ. ಖರ್ಚು ಉಳಿಯಲಿ ಅಂತ ಎರಡನೇ ಸಲ ಅರ್ಧ ಡೋಸ್ ಹಾಕಿದ್ದೆ. ಈಗ ಹುಳು ಮೊದಲಿಗಿಂತ ಜಾಸ್ತಿ. ಔಷಧಿಯಿಂದ ಹುಳದ ಜೀನ್ ಬದಲಾಗುತ್ತದೆ ಅಂತಾರೆ, ನಿಜವಾ?

ಉತ್ತರ: ಜೀನ್ ಬದಲಾಗುವುದು ಬೇರೆ, ಜೀನ್ ಚುರುಕಾಗುವುದು ಬೇರೆ. ನಿಮ್ಮ ಔಷಧಿ ಮಾಡಿದ್ದು ಎರಡನೆಯದನ್ನು.

ಇಮಿಡಾಕ್ಲೋಪ್ರಿಡ್ ಹುಳದ ನರಕ್ಕೆ ಹೊಡೆಯುವ ವಿಷ. ನರ ಬಿಡುವಿಲ್ಲದೆ ಮಿಡಿದು, ಹುಳು ನಡುಗಿ ಸಾಯುತ್ತದೆ. ಆದರೆ ವಿಷ ನರ ತಲುಪುವ ಮೊದಲೇ ಅದನ್ನು ಒಡೆದುಹಾಕುವ ಕಿಣ್ವಗಳು ಹುಳದ ಮೈಯಲ್ಲಿವೆ. ಇವುಗಳ ಹೆಸರು ಸೈಟೋಕ್ರೋಮ್ ಪಿ450. ನಾವು ಮಾತ್ರೆ ನುಂಗಿದಾಗ ನಮ್ಮ ಲಿವರ್‌ನಲ್ಲಿ ಕೆಲಸ ಮಾಡುವುದೂ ಇದೇ ಕುಟುಂಬದ ಕಿಣ್ವಗಳೇ. ವಿಷ ತಾಗಿದ ಮೇಲೆ ಇವನ್ನು ತಯಾರಿಸುವ ಕೆಲವು ಜೀನ್‌ಗಳು ಚುರುಕಾಗುತ್ತವೆ. ಪೂರ್ತಿ ಡೋಸ್ ಬಿದ್ದರೆ ಹೆಚ್ಚಿನ ಹುಳುಗಳಿಗೆ ಅಷ್ಟು ಸಮಯ ಸಿಗುವುದಿಲ್ಲ. ಅರ್ಧ ಡೋಸ್ ಆ ಸಮಯ ಕೊಡುತ್ತದೆ. ಈ ಚುರುಕು ತಾತ್ಕಾಲಿಕ, ವಿಷ ಕಡಿಮೆಯಾದಂತೆ ಇಳಿಯುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ಇಳಿಯದೆ ಉಳಿಯುವ ಗುಣದ ಬಗ್ಗೆ. ಜಿಗಿಹುಳುವಿನಲ್ಲಿ ಸಿವೈಪಿ6ಇಆರ್1 ಎಂಬ ಜೀನ್ ಇದೆ. ಏಷ್ಯಾದ ಹಲವು ಕಡೆಯ, ಇಮಿಡಾಕ್ಲೋಪ್ರಿಡ್‌ಗೆ ಜಗ್ಗದ ಹುಳುಗಳಲ್ಲಿ ಇದರ ಪ್ರತಿ ಒಂದಲ್ಲ, ಹೆಚ್ಚು ಇವೆ ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದರಲ್ಲಿ ಒಂದು ಪ್ರತಿ ಸ್ವಲ್ಪ ಮಾರ್ಪಟ್ಟು, ಈ ವಿಷವನ್ನು ಒಡೆಯುವ ಶಕ್ತಿ ಪಡೆದಿದೆ. ಆ ಪ್ರತಿ ಸದಾ ಚುರುಕಾಗಿಯೂ ಇರುತ್ತದೆ. ಇಂಥ ಹುಳುವನ್ನು ನಿಮ್ಮ ಔಷಧಿ ಹುಟ್ಟಿಸಿದ್ದಲ್ಲ. ಮೊದಲೇ ಎಲ್ಲೋ ಕೆಲವು ಇದ್ದವು. ಔಷಧಿ ಉಳಿದವನ್ನು ಕೊಂದು ಅವುಗಳಿಗೆ ಗದ್ದೆ ಖಾಲಿ ಮಾಡಿಕೊಟ್ಟಿತು, ಅಷ್ಟೇ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ತಿಂಗಳೊಳಗೆ ಹೊಸ ಪೀಳಿಗೆ ಸಿದ್ಧ.

ಜೊತೆಗೆ ಜಿಗಿಹುಳುವನ್ನು ಹಿಡಿದು ತಿನ್ನುವ ಜೇಡ, ಅದರ ಮೊಟ್ಟೆ ಹೀರುವ ಮಿರಿಡ್ ತಿಗಣೆ, ಇವೂ ಔಷಧಿಗೆ ಸತ್ತಿರುತ್ತವೆ. ಮತ್ತೊಂದು ಎಚ್ಚರ: ಸಿಟ್ಟಿನಲ್ಲಿ ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಅಂತೂ ಹೊಡೆಯಲೇಬೇಡಿ. ಅದರಿಂದ ಬದುಕುಳಿದ ಹುಳು ಮೊಟ್ಟೆ ಇನ್ನೂ ಜಾಸ್ತಿ ಇಡುತ್ತದೆ.

ಈ ಬೆಳೆಗೆ ಇನ್ನು ಇಮಿಡಾಕ್ಲೋಪ್ರಿಡ್ ಹೊಡೆಯಬೇಡಿ. ಅದರ ಬಳಗದ ಥಯಾಮೆಥಾಕ್ಸಾಮ್ ಕೂಡ ಬೇಡ. ಅಂಗಡಿಯಲ್ಲಿ ಬ್ರಾಂಡ್ ಹೆಸರು ಬೇರೆ ಇರಬಹುದು, ಒಳಗಿನ ಔಷಧಿ ಅದೇ ಇರಬಹುದು. ಹಾಗಾಗಿ ಲೇಬಲ್‌ನಲ್ಲಿ ಚಿಕ್ಕ ಅಕ್ಷರದ ಹೆಸರು ಓದಿಯೇ ಕೊಳ್ಳಿ. ಬುಡಕ್ಕೆ ಸರಾಸರಿ 10ಕ್ಕಿಂತ ಹೆಚ್ಚು ಹುಳು ಕಂಡರೆ ಪೈಮೆಟ್ರೋಜಿನ್ ಅಥವಾ ಟ್ರೈಫ್ಲುಮೆಜೋಪೈರಿಮ್ ಬಳಸಬಹುದು. ಲೇಬಲ್ ಹೇಳಿದ ಪೂರ್ತಿ ಡೋಸ್ ಹಾಕಿ. ಹುಳು ಇರುವುದು ಬುಡದಲ್ಲಿ. ಮೇಲಿಂದ ಸುಮ್ನೆ ಹೊಡೆದುಕೊಂಡು ಹೋದರೆ ಎಲೆಯಷ್ಟೇ ನೆನೆಯುತ್ತದೆ. ನಾಜಲ್ ಕೆಳಗೆ ಇಳಿಸಿ. ಗದ್ದೆಯ ನೀರು ಮೂರ್ನಾಲ್ಕು ದಿನ ಬಸಿದುಬಿಡಿ, ಯೂರಿಯಾ ಸದ್ಯಕ್ಕೆ ನಿಲ್ಲಿಸಿ.

ಪೈಮೆಟ್ರೋಜಿನ್ ಹೊಡೆದ ಮರುದಿನ ಹುಳು ಜೀವಂತ ಕಂಡರೆ ಗಾಬರಿ ಬೇಡ. ಅದು ರಸ ಹೀರುವುದನ್ನು ನಿಲ್ಲಿಸಿರುತ್ತದೆ, ಹಸಿದು ನಿಧಾನವಾಗಿ ಸಾಯುತ್ತದೆ. ಐದಾರು ದಿನ ಬಿಟ್ಟು ಗದ್ದೆಯ ನಡುವೆ ಹೋಗಿ ಹತ್ತಾರು ಬುಡ ಬಡಿದು ಎಣಿಸಿ ನೋಡಿ.