ಮಾಡೆಲ್ ಜಾಸ್ತಿ ಮಾಡಿದರೆ ಬ್ರ್ಯಾಂಡಿನ ಹಳೆ ಅಭಿಮಾನಿಗಳು ಯಾಕೆ ಮುನಿಸಿಕೊಳ್ಳುತ್ತಾರೆ?

ದುಬಾರಿ ಬೈಕು ಕೊಂಡವನು ಬರೀ ಎಂಜಿನ್‌ಗೆ ದುಡ್ಡು ಕೊಟ್ಟಿರುವುದಿಲ್ಲ, ಇದು ಎಲ್ಲರ ಹತ್ತಿರ ಇಲ್ಲ ಅನ್ನುವುದಕ್ಕೂ ಕೊಟ್ಟಿರುತ್ತಾನೆ. ಹಾರ್ಲೆ ಡೇವಿಡ್ಸನ್ 2023ರಲ್ಲಿ ಹೀರೋ ಕಂಪನಿ ಜೊತೆ ಸೇರಿ ಸುಮಾರು 2.3 ಲಕ್ಷ ರೂಪಾಯಿಗೆ ಎಕ್ಸ್440 ಬೈಕು ತಂದಿತಲ್ಲ, ನಮ್ಮ ಉಪ್ಪಳ, ಕುಂಬಳೆ ಪೇಟೆಯಲ್ಲಿ ಅದು ಬುಲೆಟ್‌ಗಳ ಸಾಲಲ್ಲೇ ನಿಂತರೆ, ಅದೇ ಹೆಸರಿಗೆ ಹತ್ತಾರು ಲಕ್ಷ ಸುರಿದವನಿಗೆ ಕಸಿವಿಸಿ ಆಗುತ್ತದೆ. (ಹೊಸಬನಿಗೆ ಮಾತ್ರ ಹಬ್ಬ!) ಇನ್ನೊಂದು ತೊಂದರೆ ಇದೆ. ಹಾರ್ಲೆಯದೇ ಸ್ಟ್ರೀಟ್ 750 ಬೈಕು ಭಾರತಕ್ಕೆ ಬಂದದ್ದು 2014ರಲ್ಲಿ, 2020ರಲ್ಲಿ ಕಂಪನಿ ಇಲ್ಲಿನ ಕಾರ್ಖಾನೆಯನ್ನೇ ಮುಚ್ಚಿತು. ಹೀಗೆ ತಂದು ಕೈಬಿಟ್ಟರೆ ನಂಬಿಕೆ ಉಳಿಯುತ್ತಾ?

ಎಲ್ಲಾ ಸಲ ಹಾಗಾಗುವುದಿಲ್ಲ. ಸ್ಪೋರ್ಟ್ಸ್ ಕಾರಿಗೆ ಹೆಸರಾದ ಪೋರ್ಷೆ 2002ರಲ್ಲಿ ಕೆಯೆನ್ ಎಸ್‌ಯುವಿ ತಂದಾಗ ಅಭಿಮಾನಿಗಳು ಗೊಣಗಿದರು, ಆದರೆ ಅದು ಚೆನ್ನಾಗಿ ಮಾರಾಟವಾಯಿತು, ಅವರ ಹಳೆ ಸ್ಪೋರ್ಟ್ಸ್ ಕಾರು 911 ಬರುವುದೂ ನಿಲ್ಲಲಿಲ್ಲ.