ಗೊಡಾಟ್ ಬಿಲ್ಡ್‌ನಲ್ಲಿ ಬೇಡದ ಲೈಬ್ರರಿಗಳನ್ನು ಕೈಬಿಡುವುದು ಹೇಗೆ?

ನಿಮ್ಮದು ಗೊಡಾಟ್ 4 ಎಂಬ ಗೇಮ್ ಎಂಜಿನ್ನಿನಲ್ಲಿ ಮಾಡಿದ ಕನ್ನಡ ಪದಗಳ ಟೂಡಿ ಆಟ, ಎಕ್ಸ್‌ಪೋರ್ಟ್ ಟೆಂಪ್ಲೇಟನ್ನು (ಹಂಚುವ ಆಟದೊಳಗೆ ಸೇರುವ, ಎಡಿಟರ್ ಇಲ್ಲದ ಎಂಜಿನ್) ಲಿನಕ್ಸ್‌ನಲ್ಲಿ ನೀವೇ ಕಂಪೈಲ್ ಮಾಡುತ್ತಿದ್ದೀರಿ. ಓಪನ್‌ಎಕ್ಸ್‌ಆರ್ (ವಿಆರ್‌ಗೆ), ಎಂಬೆಡ್‌ಟಿಎಲ್‌ಎಸ್ (ಸುರಕ್ಷಿತ ನೆಟ್‌ವರ್ಕ್ ಸಂಪರ್ಕಕ್ಕೆ), ಥಿಯೋರಾ (ವಿಡಿಯೊಗೆ) ಇವೆಲ್ಲ ಯಾಕೆ ಬರುತ್ತವೆ, ಥರ್ಡ್‌ಪಾರ್ಟಿ ಫೋಲ್ಡರಿನಿಂದ ಅಳಿಸಿದರೆ ಬಿಲ್ಡ್ ಯಾಕೆ ನಿಂತುಹೋಗುತ್ತದೆ ಎಂದು ಕೇಳಿದ್ದೀರಿ.

ದಯವಿಟ್ಟು ಆ ಫೋಲ್ಡರನ್ನು ಮುಟ್ಟಬೇಡಿ. ಅಲ್ಲಿರುವುದು ಸೋರ್ಸ್ ಮಾತ್ರ. ನೀವು ಹೆಸರಿಸಿದ ಮೂರನ್ನೂ ಕರೆತರುವುದು ಮಾಡ್ಯೂಲ್ಸ್ ಫೋಲ್ಡರಿನ ಮಾಡ್ಯೂಲ್‌ಗಳು. ಮಾಡ್ಯೂಲ್ ಆನ್ ಇದ್ದು ಅದರ ಲೈಬ್ರರಿಯ ಸೋರ್ಸ್ ಸಿಗದಿದ್ದರೆ ಬಿಲ್ಡ್ ನಿಲ್ಲುತ್ತದೆ. ಮಾಡ್ಯೂಲ್ ಆಫ್ ಆದರೆ ಅದರ ಲೈಬ್ರರಿಯನ್ನು ಸ್ಕಾನ್ಸ್ (ಗೊಡಾಟನ್ನು ಬಿಲ್ಡ್ ಮಾಡುವ ಟೂಲ್) ಕಂಪೈಲ್ ಮಾಡುವುದೇ ಇಲ್ಲ. ಪ್ರತಿ ಮಾಡ್ಯೂಲಿಗೂ ಎನೇಬಲ್ಡ್ ಎಂಬ ಆಯ್ಕೆಯಿದೆ, ಅದಕ್ಕೆ ನೋ ಎಂದು ಕೊಡಿ. ಸರ್ವರ್ ಜೊತೆ ಎಚ್‌ಟಿಟಿಪಿಎಸ್‌ನಲ್ಲಿ ಮಾತಾಡುವ ಆಟವಾದರೆ ಎಂಬೆಡ್‌ಟಿಎಲ್‌ಎಸ್ ಇರಲಿ.

ಬಿಲ್ಟಿನ್ ಎಂದು ಶುರುವಾಗುವ ಆಯ್ಕೆಗಳ ಬಗ್ಗೆ ಎಚ್ಚರ. ಬಿಲ್ಟಿನ್ ಫ್ರೀಟೈಪ್‌ಗೆ ನೋ ಕೊಟ್ಟರೆ ಫಾಂಟ್ ಓದುವ ಲೈಬ್ರರಿಯಾದ ಫ್ರೀಟೈಪ್ ಹೋಗುವುದಿಲ್ಲ, ಗೊಡಾಟ್ ಜೊತೆಗಿರುವ ಪ್ರತಿಯ ಬದಲು ನಿಮ್ಮ ಸಿಸ್ಟಮ್ಮಿನದಕ್ಕೆ ಲಿಂಕ್ ಆಗುತ್ತದೆ. ಡಿಪೆಂಡೆನ್ಸಿ ಕಡಿಮೆಯಾಗುವ ಬದಲು ಆಟಗಾರರ ಕಂಪ್ಯೂಟರಿನ ಮೇಲೆ ಬೀಳುತ್ತದೆ: ಆ ಲೈಬ್ರರಿ ಅಲ್ಲಿಲ್ಲದಿದ್ದರೆ ಆಟ ಶುರುವಾಗುವುದೇ ಇಲ್ಲ. ಡಿಸ್ಟ್ರೋಗಳಿಗೆ ಪ್ಯಾಕೇಜ್ ಮಾಡುವವರಿಗೆ ಅದು ಸರಿ, ಆಟವನ್ನು ನೇರವಾಗಿ ಹಂಚುವ ನಿಮಗೆ ಬೇಡ.

ತ್ರೀಡಿ ಆಫ್ ಮಾಡುವ ಆಯ್ಕೆಯೂ ಇದೆ, ಸೈಜ್ ಚೆನ್ನಾಗಿ ಇಳಿಯುತ್ತದೆ. ಆದರೆ ಅದು ಟೆಂಪ್ಲೇಟಿಗೆ ಮಾತ್ರ, ಎಡಿಟರ್ ಬಿಲ್ಡಿಗೆ ಕೊಟ್ಟರೆ ಎರರ್ ಬರುತ್ತದೆ.

ಇನ್ನು ನಿಮ್ಮ ಆಟಕ್ಕೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಸೈಜ್ ಇಳಿಸುವ ಸಲಹೆಗಳಲ್ಲೆಲ್ಲ ಅಕ್ಷರಗಳನ್ನು ಜೋಡಿಸಿ ತೋರಿಸುವ ಅಡ್ವಾನ್ಸ್ಡ್ ಟೆಕ್ಸ್ಟ್ ಸರ್ವರ್ ಎಂಬ ಮಾಡ್ಯೂಲ್ ತೆಗೆದು, ಫಾಲ್‌ಬ್ಯಾಕ್ ಎಂಬ ಸರಳವಾದದ್ದನ್ನು ಹಾಕಿ ಎಂದಿರುತ್ತದೆ. ಅದು ಬಳಸುವ ಲೈಬ್ರರಿಗಳಾದ ಹಾರ್ಫ್‌ಬಜ್, ಐಸಿಯು, ಗ್ರಾಫೈಟ್ ಮೂರೂ ಒಟ್ಟಿಗೆ ಹೋಗುವುದರಿಂದ ಉಳಿತಾಯ ದೊಡ್ಡದೇ. ಇಂಗ್ಲಿಷ್ ಆಟಕ್ಕೆ ನಡೆಯುತ್ತದೆ. ಕನ್ನಡಕ್ಕೆ ಖಂಡಿತ ಬೇಡ. ಒತ್ತಕ್ಷರ ಕೂಡಿಸುವ ಕೆಲಸ ಹಾರ್ಫ್‌ಬಜ್‌ನದು. ಅದಿಲ್ಲದೆ 'ಶಕ್ತಿ' ಎಂಬ ಪದದಲ್ಲಿ ತಕಾರ ಕೆಳಗೆ ಹೋಗುವುದಿಲ್ಲ, ಅಕ್ಷರ, ಗುಣಿತದ ಚಿಹ್ನೆ, ಹಲಂತ ಎಲ್ಲ ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಕೂರುತ್ತವೆ. ಎಡಿಟರಿನೊಳಗೆ ಓಡಿಸಿದಾಗ ಎಲ್ಲ ಸರಿಯಾಗೇ ಕಾಣುತ್ತದೆ, ಏಕೆಂದರೆ ಎಡಿಟರಿನಲ್ಲಿ ಅಡ್ವಾನ್ಸ್ಡ್ ಸರ್ವರೇ ಇರುತ್ತದೆ. ಕೆಡುವುದು ಎಕ್ಸ್‌ಪೋರ್ಟ್ ಆದ ಆಟದಲ್ಲಿ. ಕನ್ನಡದಲ್ಲಿ ಆಟ ಮಾಡುವವರೇ ಕಡಿಮೆ, ಬಂದ ಆಟದಲ್ಲಿ ಒಂದೂ ಅಕ್ಷರ ಒಡೆದುಕೊಂಡು ಬರಬಾರದು ಎಂಬುದು ನನ್ನ ಆಸೆ. ಬೇಕಿದ್ದರೆ ಗ್ರಾಫೈಟ್ ಒಂದನ್ನೇ ಆಫ್ ಮಾಡಿ. ನೋಟೋ ಸಾನ್ಸ್ ಕನ್ನಡದಂಥ ಓಪನ್‌ಟೈಪ್ ಫಾಂಟಿಗೆ ಅದು ಬೇಕಿಲ್ಲ.

ಆಯ್ಕೆಗಳನ್ನೆಲ್ಲ ಸೋರ್ಸ್ ಫೋಲ್ಡರಿನಲ್ಲಿ ಕಸ್ಟಮ್ ಎಂಬ ಪೈಥಾನ್ ಫೈಲಿಗೆ ಬರೆದಿಟ್ಟರೆ ಸ್ಕಾನ್ಸ್ ತಾನೇ ಓದಿಕೊಳ್ಳುತ್ತದೆ. ಒಂದೊಂದನ್ನೇ ಆಫ್ ಮಾಡಿ, ಪ್ರತಿ ಸಲವೂ ಎಕ್ಸ್‌ಪೋರ್ಟ್ ಆದ ಆಟವನ್ನೇ ಓಡಿಸಿ ನೋಡಿ. ಕೊನೆಗೆ ಬೈನರಿಯ ಮೇಲೆ ಎಲ್‌ಡಿಡಿ (ಅದು ಯಾವ ಸಿಸ್ಟಮ್ ಲೈಬ್ರರಿಗಳಿಗೆ ಲಿಂಕ್ ಆಗಿದೆ ಎಂದು ತೋರಿಸುವ ಕಮಾಂಡ್) ಓಡಿಸಿ. ವಿಂಡೋ ತೋರಿಸಲು ಬೇಕಾದ ಎಕ್ಸ್11, ಸದ್ದಿಗೆ ಬೇಕಾದ ಪಲ್ಸ್‌ಆಡಿಯೊ ಅಲ್ಲಿ ಕಾಣದಿದ್ದರೆ ಗಾಬರಿ ಬೇಡ, ಗೊಡಾಟ್ 4 ಅವನ್ನು ಆಟ ಶುರುವಾದ ಮೇಲೆ ಲೋಡ್ ಮಾಡುತ್ತದೆ. ಫ್ರೀಟೈಪ್, ಪಿಎನ್‌ಜಿ ಹೆಸರು ಕಂಡರೆ ಎಲ್ಲೋ ಬಿಲ್ಟಿನ್ ಆಯ್ಕೆ ನೋ ಆಗಿದೆ ಎಂದರ್ಥ. ಗೊತ್ತಿಲ್ಲದ ಹೆಸರೇನಾದರೂ ಬಂದರೆ ಆ ಪಟ್ಟಿಯನ್ನು ಇಲ್ಲೇ ಹಾಕಿ, ನೋಡೋಣ.